ಡೇಟಾ ಬದ್ಲಾತು, ಸ್ಕ್ರೀನಿಗೆ ಯಾರು ಹೇಳ್ತಾರ? ಆಂಗ್ಯುಲರ್, ರಿಯಾಕ್ಟ್, ವ್ಯೂ ಜೆಎಸ್, ಲಿಟ್ ನಡುವ ಆರಿಸ್ಕೊಳ್ಳೂದು ಹೆಂಗ

ಪುಣೇದಾಗ ಹಿಂಜವಡಿ, ಖರಾಡಿ ಕಡೆ ಕೆಲಸಕ್ಕ ಬರೋ ನಮ್ಮ ಹುಬ್ಬಳ್ಳಿ, ಬೆಳಗಾವಿ, ಕಲಬುರ್ಗಿ ಹುಡುಗ್ರು ಹುಡುಗ್ಯಾರು ಫ್ರಂಟ್ ಎಂಡ್ (ಬ್ರೌಸರಿನಾಗ ಕಾಣೋ ಸ್ಕ್ರೀನ್ ಕಟ್ಟೋ) ಟೀಮಿಗೆ ಬಂದ ಕೂಡ್ಲೆ ಕೇಳೂದು ಒಂದ ಪ್ರಶ್ನೆ, ಆಂಗ್ಯುಲರ್ ಹಿಡೀಲೋ ರಿಯಾಕ್ಟ್ ಹಿಡೀಲೋ ಅಂತ. ಇವು ಫ್ರೇಮ್‌ವರ್ಕ್, ಅಂದ್ರ ವೆಬ್ ಸ್ಕ್ರೀನ್ ಕಟ್ಲಿಕ್ಕೆ ತಯಾರ್ ಸಿಗೋ ಕೋಡಿನ ಚೌಕಟ್ಟು. ನೌಕ್ರಿ ಯಾವ್ದರಾಗ ಜಾಸ್ತಿ ಅನ್ನೂದು ಬ್ಯಾರೆ ಲೆಕ್ಕ, ಅದನ್ನ ಇಲ್ಲಿ ಬಿಡೋಣ. ಆದ್ರ ಒಂದು ಪ್ರಾಜೆಕ್ಟಿಗೆ ಯಾವ್ದು ಹೊಂದ್ತದ ಅಂತ ತೂಗೂವಾಗ ಬಟನ್ ಹೆಂಗ ಕಾಣ್ತದ, ರೂಟರ್ ಚಲೋ ಅದನೋ ಇಲ್ಲೋ ಅನ್ನೂದಕ್ಕಿಂತ ಮೊದ್ಲು ಕೇಳ್ಬೇಕಾದ್ದು ಇದು: ಡೇಟಾ ಬದ್ಲಾದಾಗ ಆ ಸುದ್ದಿ ಫ್ರೇಮ್‌ವರ್ಕಿಗೆ ಹೆಂಗ ಮುಟ್ತದ, ಮುಟ್ಟಿದ ಮ್ಯಾಲೆ ಅದು ಎಷ್ಟು ಕೋಡ್ ಮತ್ತ ಓಡಿಸ್ತದ? ಸ್ಕ್ರೀನ್ ಯಾಕ ಹ್ಯಾಂಗ್ ಆಗ್ತದ, ಲಿಸ್ಟಿಗೆ ಐಟಂ ಸೇರಿಸಿದ್ರೂ ಯಾಕ ಕಾಣೂದಿಲ್ಲ ಅನ್ನೋ ತ್ರಾಸಿನಾಗ ಬಹಳಷ್ಟು ಈ ಒಂದ ಜಾಗಾದಿಂದ ಹುಟ್ತಾವ.

ಎಲ್ಲಾದಕ್ಕೂ ಒಂದ ಉದಾಹರಣೆ ಇಟ್ಕೊಳ್ಳೋಣ. ಚಾಕಣದಾಗ ಒಂದು ಗೋಡೌನ್, ಅದಕ್ಕ ಡಿಸ್ಪ್ಯಾಚ್ ಸ್ಕ್ರೀನ್. 800 ಗಾಡಿಗಳ ಟೇಬಲ್, ಒಂದೊಂದು ಸಾಲಿನಾಗ ಎಂಎಚ್ 14 ನಂಬರು, ಡ್ರೈವರ್ ಹೆಸ್ರು, ಗಾಡಿ ಈಗ ಎಲ್ಲಿ ಅದ, ಎಷ್ಟು ಹೊತ್ತಿಗೆ ಗೇಟಿಗೆ ಬರ್ತದ. ವೆಬ್‌ಸಾಕೆಟ್ (ಸರ್ವರ್ ಜತಿ ತೆರದ ಇರೋ ಸಂಪರ್ಕ) ಮ್ಯಾಲೆ ಸೆಕೆಂಡಿಗೆ 20 ಮೆಸೇಜ್ ಬರ್ತಾವ ಅಂದ್ಕೋರಿ, ಒಂದೊಂದರಾಗ ಒಂದ ಗಾಡಿ ಸುದ್ದಿ. ಮ್ಯಾಲೆ ಒಂದು ಹುಡುಕೋ ಬಾಕ್ಸ್, ಬಾಜೂಕ ಒಂದು ಗೇಟ್‌ಪಾಸ್ ಫಾರ್ಮ್.

ಆಂಗ್ಯುಲರ್, ಝೋನ್ ಇದ್ದಾಗ

ಹಳೇ ಆಂಗ್ಯುಲರ್‌ಜೆಎಸ್ 2010ರಾಗ ಬಂದದ್ದು. ಅದ್ರಾಗ ಡೈಜೆಸ್ಟ್ ಅಂತ ಒಂದು ಲೂಪ್ ಇತ್ತು, ಸ್ಕ್ರೀನ್ ಮ್ಯಾಲಿನ ಪ್ರತಿ ಬೈಂಡಿಂಗಿಂದು (ಡೇಟಾನ ಸ್ಕ್ರೀನಿಗೆ ಕಟ್ಟಿದ ಗಂಟು) ಹಳೇ ವ್ಯಾಲ್ಯೂ ಹೊಸಾ ವ್ಯಾಲ್ಯೂ ಹೋಲಿಸಿ ನೋಡೂದು, ಏನರೆ ಬದ್ಲಾಗಿದ್ರ ಮತ್ತೊಂದು ಸುತ್ತು, 10 ಸುತ್ತಾದ್ರೂ ನಿಲ್ಲಲಿಲ್ಲ ಅಂದ್ರ ಎರರ್. ಜೇಕ್ವೆರಿ ಪ್ಲಗಿನ್ನಿನೊಳಗಿಂದ ಏನಾದ್ರೂ ಬದ್ಲಿಸಿದ್ರ ನಾವ ಅಪ್ಲೈ ಕರೀಬೇಕಿತ್ತು, ಇಲ್ಲಂದ್ರ ಸ್ಕ್ರೀನಿಗೆ ಗೊತ್ತ ಆಗ್ತಿರ್ಲಿಲ್ಲ. 2016ರಾಗ ಆಂಗ್ಯುಲರ್ 2 ಬಂದಾಗ ಈ ಕರಿಯೋ ಕೆಲಸಾನ ಝೋನ್ ಜೆಎಸ್ ಮ್ಯಾಲೆ ಹಾಕಿದ್ರು. ಅದು ಬ್ರೌಸರಿನ ಸೆಟ್‌ಟೈಮ್‌ಔಟ್, ಪ್ರಾಮಿಸ್, ಎಕ್ಸ್‌ಎಚ್‌ಆರ್, ಇವೆಂಟ್ ಲಿಸನರ್, ವೆಬ್‌ಸಾಕೆಟ್ ಎಲ್ಲಾದಕ್ಕೂ ತನ್ನ ಪ್ಯಾಚ್ ಹಚ್ಚಿ ಕೂಡ್ತದ. ಇವುಗಳಾಗ ಯಾವ್ದರೆ ಒಂದು ಕೆಲಸ ಮುಗೀತು ಅಂದ್ರ ಆಂಗ್ಯುಲರಿಗೆ ಸುದ್ದಿ, ಆಂಗ್ಯುಲರ್ ರೂಟ್ ಕಾಂಪೊನೆಂಟಿನಿಂದ (ಕಾಂಪೊನೆಂಟ್ ಅಂದ್ರ ಸ್ಕ್ರೀನಿನ ಒಂದು ತುಂಡು, ಒಂದರೊಳಗ ಒಂದು ಕೂತು ಮರದಂಗ ಇರ್ತಾವ) ಹಿಡದು ಕೆಳತನಕ ಇಡೀ ಮರ ಚೆಕ್ ಮಾಡ್ತದ. ಇದಕ್ಕ ಚೇಂಜ್ ಡಿಟೆಕ್ಷನ್ ಅಂತಾರ.

ಇಲ್ಲಿ ಲಕ್ಷ್ಯ ಇಡ್ರಿ, ಝೋನಿಗೆ ಗೊತ್ತಾಗೂದು "ಏನೋ ಆತು" ಅಂತ ಅಷ್ಟ. ಏನು ಬದ್ಲಾತು, ಬದ್ಲಾತೋ ಇಲ್ಲೋ ಅನ್ನೂದೂ ಗೊತ್ತಿಲ್ಲ. ವಾಕಡದ ದೊಡ್ಡ ಸೊಸೈಟಿಗೆ ಕೊರಿಯರ್ ಬಂತು, ಪಾರ್ಸೆಲ್ ಮ್ಯಾಲೆ ಫ್ಲ್ಯಾಟ್ ನಂಬರ್ ಇಲ್ಲ, ವಾಚ್‌ಮನ್ ಪ್ರತಿ ಮಜಲಿ ಹತ್ತಿ ಪ್ರತಿ ಬಾಗ್ಲಾ ಬಡದು ನಿಮ್ದೇನ್ರಿ ಅಂತ ಕೇಳಿದಂಗ. ಸಿಗ್ನಲ್ ಅಂದ್ರ ಪಾರ್ಸೆಲ್ ಮ್ಯಾಲೆ ನಂಬರ್ ಬರದಿರೂದು, ಅದಕ್ಕ ಮುಂದ ಬರ್ತೀನಿ.

ಭಾಳ ಮಂದಿ ತಪ್ಪು ತಿಳ್ಕೊಂಡದ್ದು ಒಂದದ, ಆಂಗ್ಯುಲರ್ ಪ್ರತಿ ಸಲ ಪೂರಾ ಸ್ಕ್ರೀನ್ ಹೊಸದಾಗಿ ಬರೀತದ ಅಂತ. ಇಲ್ಲ. ಹಳೇ ವ್ಯಾಲ್ಯೂ ಹೊಸಾ ವ್ಯಾಲ್ಯೂ ಹೋಲಿಸ್ತದ, ಬ್ಯಾರೆ ಇದ್ರ ಮಾತ್ರ ಡಾಮ್ (ಬ್ರೌಸರ್ ಇಟ್ಕೊಂಡಿರೋ ಪೇಜಿನ ರಚನೆ) ಮುಟ್ತದ. ಹೋಲಿಸೂದು ಅಗ್ಗದ ಕೆಲಸ, ಸಾವ್ರ ಹೋಲಿಕಿ ಅಂದ್ರೂ ಬ್ರೌಸರಿಗೆ ಏನೂ ಅಲ್ಲ. ತುಟ್ಟಿ ಬೀಳೂದು ಎಲ್ಲಿ ಅಂದ್ರ ಟೆಂಪ್ಲೇಟಿನಾಗ (ಕಾಂಪೊನೆಂಟ್ ಹೆಂಗ ಕಾಣ್ಬೇಕು ಅಂತ ಬರದ ಭಾಗ) ಫಂಕ್ಷನ್ ಕರೆದಾಗ. ನಮ್ಮ ಟೇಬಲಿನಾಗ "ಎಷ್ಟು ಹೊತ್ತಿಗೆ ಬರ್ತದ" ಅನ್ನೋ ಕಾಲಮಿಗೆ ಟೆಂಪ್ಲೇಟಿನಿಂದನ ಒಂದು ಲೆಕ್ಕದ ಫಂಕ್ಷನ್ ಕರದೀರಿ ಅಂದ್ರ, ಒಂದು ಮೆಸೇಜಿಗೆ 800 ಸಲ ಓಡ್ತದ, ಸೆಕೆಂಡಿಗೆ 20 ಮೆಸೇಜ್ ಅಂದ್ರ 16,000 ಸಲ. ಡೆವಲಪ್‌ಮೆಂಟ್ ಮೋಡಿನಾಗ ಆಂಗ್ಯುಲರ್ ಪ್ರತಿ ಚೆಕ್ಕಿನ ನಂತ್ರ ಖಾತ್ರಿಗೆ ಮತ್ತೊಂದು ಸಲ ಚೆಕ್ ಮಾಡ್ತದ, ಹಂಗಾಗಿ 32,000. ಆ ಫಂಕ್ಷನ್ನಿನಾಗ ಒಂದು ಕನ್ಸೋಲ್ ಲಾಗ್ ಹಾಕಿ ನೋಡ್ರಿ, ಮೌಸ್ ಕೂಡ ಮುಟ್ಟಬ್ಯಾಡ್ರಿ, ಕನ್ಸೋಲಿನಾಗ ಆ ನಂಬರ್ ಓಡೋ ಸ್ಪೀಡ್ ನೋಡಿದ್ರ ಚೇಂಜ್ ಡಿಟೆಕ್ಷನ್ ಅಂದ್ರೇನು ಅಂತ ಒಂದ ನಿಮಿಷದಾಗ ತಿಳೀತದ. ಇದನ್ನ ಪ್ಯೂರ್ ಪೈಪ್ (ಟೆಂಪ್ಲೇಟಿನಾಗ ವ್ಯಾಲ್ಯೂ ಮಾರ್ಪಡಿಸೋ ಆಂಗ್ಯುಲರಿನ ಸಾಧನ) ಮಾಡಿದ್ರ ಅದ್ರ ಇನ್‌ಪುಟ್ ಬದ್ಲಾದಾಗ ಮಾತ್ರ ಓಡ್ತದ, ಅಷ್ಟ ಮಾಡಿದ್ರೂ ಅರ್ಧಾ ತ್ರಾಸ್ ಹೋಗ್ತದ.

ಆ ಎರಡ್ನೇ ಚೆಕ್ಕಿನಿಂದನ ಬರೂದು "ಎಕ್ಸ್‌ಪ್ರೆಶನ್ ಚೇಂಜ್ಡ್ ಆಫ್ಟರ್ ಇಟ್ ಹ್ಯಾಸ್ ಬೀನ್ ಚೆಕ್ಡ್" ಅನ್ನೋ ಉದ್ದನ್ನ ಎರರ್. ತಂದಿ ಕಾಂಪೊನೆಂಟ್ ಚೆಕ್ ಮುಗದ ಮ್ಯಾಲೆ ಮಗು ಕಾಂಪೊನೆಂಟ್ ತನ್ನ ಲೈಫ್‌ಸೈಕಲ್ ಹುಕ್ಕಿನಾಗ ತಂದಿ ವ್ಯಾಲ್ಯೂ ಬದ್ಲಿಸ್ತು, ಎರಡ್ನೇ ಚೆಕ್ಕಿನಾಗ ಹೊಂದಾಣಿಕಿ ತಪ್ಪಿತು, ಬೈತು. ಇದಕ್ಕ ಸೆಟ್‌ಟೈಮ್‌ಔಟ್ ಸೊನ್ನೆ ಹಾಕಿ ಬಾಯಿ ಮುಚ್ಚಿಸೋ ರೂಢಿ ಎಲ್ಲಾ ಕಡೆ ಅದ, ದಯವಿಟ್ಟು ಮಾಡಬ್ಯಾಡ್ರಿ, ಅದ್ರಿಂದ ಮತ್ತೊಂದು ಇಡೀ ಸುತ್ತು ಶುರು ಆಗ್ತದ. ಡೇಟಾ ಮ್ಯಾಲಿನಿಂದ ಕೆಳಗ ಹರೀಬೇಕು ಅಂತ ಆ ಎರರ್ ಹೇಳ್ಲಿಕ್ಹತ್ತದ, ಅದ್ರ ಮಾತು ಕೇಳ್ರಿ.

ಆನ್‌ಪುಶ್

ಅದ ಆಂಗ್ಯುಲರಿನಾಗ ಕಾಂಪೊನೆಂಟಿಗೆ ಆನ್‌ಪುಶ್ ಅಂತ ಹಾಕಿದ್ರ ಆಟ ಬದ್ಲಾಗ್ತದ. ಆಗ ಆ ಕಾಂಪೊನೆಂಟ್ ಚೆಕ್ ಆಗೂದು ಕೆಲವೇ ಕಾರಣಕ್ಕ: ಅದ್ರ ಇನ್‌ಪುಟ್‌ನ ರೆಫರೆನ್ಸ್ (ಮೆಮೊರಿಯಾಗಿನ ವಿಳಾಸ) ಬದ್ಲಾತು, ಅದ್ರ ಟೆಂಪ್ಲೇಟಿನ ಇಲ್ಲಾ ಅದ್ರ ಮಗು ಕಾಂಪೊನೆಂಟಿನ ಇವೆಂಟ್ ಬಂತು, ಅಸಿಂಕ್ ಪೈಪಿಗೆ (ಆಮ್ಯಾಲ ಬರೋ ಡೇಟಾ ತೋರಿಸೋ ಪೈಪ್) ಹೊಸಾ ವ್ಯಾಲ್ಯೂ ಬಂತು, ಟೆಂಪ್ಲೇಟ್ ಓದೋ ಸಿಗ್ನಲ್ ಬದ್ಲಾತು, ಇಲ್ಲಾ ನೀವ ಕೈಲೆ ಮಾರ್ಕ್‌ಫಾರ್‌ಚೆಕ್ ಕರದ್ರಿ. ಇದ್ಯಾವ್ದೂ ಆಗ್ಲಿಲ್ಲ ಅಂದ್ರ ಅದೂ ಅದ್ರ ಕೆಳಗಿನ ಮಕ್ಕಳೂ ಸೇರಿ ಇಡೀ ಟೊಂಗಿ ಬಿಟ್ಟು ಮುಂದ ಹೋಗ್ತದ. 800 ಸಾಲಿನಾಗ ಪ್ರತಿ ಸಾಲು ಒಂದು ಆನ್‌ಪುಶ್ ಕಾಂಪೊನೆಂಟ್ ಇದ್ದು, ಬದ್ಲಾದ ಒಂದ ಗಾಡಿಗೆ ಹೊಸಾ ಆಬ್ಜೆಕ್ಟ್ ಮಾಡಿ ಕೊಟ್ರ, 799 ಸಾಲು ತಮ್ಮ ಪಾಡಿಗೆ ಕೂಡ್ತಾವ.

ಇದಕ್ಕ ಕೊಡಬೇಕಾದ ಬೆಲಿ ಅಂದ್ರ ಶಿಸ್ತು. ಹೊಸಾ ಗಾಡಿ ಬಂತು, ಅದ ಅರೇಗೆ (ಪಟ್ಟಿಗೆ) ಪುಶ್ ಮಾಡಿದ್ರಿ, ಅಂದ್ರ ಕೊನಿಗೆ ಸೇರಿಸಿದ್ರಿ, ಕನ್ಸೋಲಿನಾಗ 801 ತೋರಿಸ್ತದ, ಸ್ಕ್ರೀನ್ ಮ್ಯಾಲೆ 800. ಯಾಕಂದ್ರ ಅರೇ ಒಳಗ ಬದ್ಲಾದ್ರೂ ರೆಫರೆನ್ಸ್ ಹಳೇದ ಉಳೀತದ. ಆಮ್ಯಾಲ ಯಾರೋ ಎಲ್ಲೋ ಕ್ಲಿಕ್ ಮಾಡಿದಾಗ ಆ ಗಾಡಿ ಪಟ್ಟನ ಕಾಣ್ತದ, ಟೆಸ್ಟಿಂಗ್ ಟೀಮಿನವ್ರು "ಒಮ್ಮೊಮ್ಮೆ ಬರ್ತದ ಒಮ್ಮೊಮ್ಮೆ ಇಲ್ಲ" ಅಂತ ಬಗ್ ಹಾಕ್ತಾರ. ಒಮ್ಮೊಮ್ಮೆ ಅನ್ನೋ ಬಗ್ ಕಂಡ್ರ ನಾ ಮೊದ್ಲು ಹುಡುಕೂದು ಪುಶ್ ಮತ್ತ ಸ್ಪ್ಲೈಸ್ (ನಡುವ ಸೇರಿಸೂದು, ತಗಿಯೂದು). ಹಳೇ ಅರೇ ಹರಡಿ ಹೊಸಾ ಅರೇ ಕಟ್ಟೂದು ರೂಢಿ ಮಾಡ್ಕೋರಿ, ಮುಗೀತು.

ನನ್ನ ಅಭಿಪ್ರಾಯ ಸ್ಪಷ್ಟ ಅದ, ಹೊಸಾ ಆಂಗ್ಯುಲರ್ ಕಾಂಪೊನೆಂಟ್ ಆನ್‌ಪುಶ್ ಇಲ್ದ ಬರೀಬಾರ್ದು. ಹಳೇ ಪ್ರಾಜೆಕ್ಟಿನಾಗೂ ಎಲಿಯಿಂದ ಶುರು ಮಾಡಿ ಮ್ಯಾಲೆ ಬರ್ರಿ, ಅಂದ್ರ ಮೊದ್ಲು ಸಾಲು, ಆಮ್ಯಾಲ ಟೇಬಲ್, ಆಮ್ಯಾಲ ಪೇಜ್. ರೂಟಿನಿಂದ ಶುರು ಮಾಡಿದ್ರ ಯಾವ ಟೊಂಗಿ ಯಾಕ ಒಣಗ್ತು ಅಂತ ಹುಡುಕೂದ್ರಾಗ ಸ್ಪ್ರಿಂಟ್ ಮುಗೀತದ. ನಕಾಶೆ, ಚಾರ್ಟ್ ಲೈಬ್ರರಿ ಇದ್ರ ಅವುಗಳ ಮೌಸ್‌ಮೂವ್ ಲಿಸನರ್‌ಗಳನ್ನ ರನ್‌ಔಟ್‌ಸೈಡ್‌ಆಂಗ್ಯುಲರ್ (ಝೋನಿನ ಹೊರಗ ಓಡಿಸೋ ಮೆಥಡ್) ಒಳಗ ಹಾಕ್ರಿ, ಇಲ್ಲಂದ್ರ ಮೌಸ್ ಸರದಾಡಿದಷ್ಟು ಸಲ ಇಡೀ ಆ್ಯಪ್ ಚೆಕ್ ಆಗ್ತದ.

ಸಿಗ್ನಲ್ ಬಂದ ಮ್ಯಾಲೆ

ಆಂಗ್ಯುಲರ್ 16ರಾಗ, 2023ರ ಮೇ ತಿಂಗಳಾಗ, ಸಿಗ್ನಲ್ ಪ್ರಿವ್ಯೂ ಆಗಿ ಬಂತು, 17ರಾಗ ಸಿಗ್ನಲ್ ಮತ್ತ ಕಂಪ್ಯೂಟೆಡ್ ಪಕ್ಕಾ ಆದ್ವು. ಸಿಗ್ನಲ್ ಅಂದ್ರ ಒಂದು ಡಬ್ಬಿ, ಒಳಗ ವ್ಯಾಲ್ಯೂ, ಜತಿಗೆ ತನ್ನನ್ನ ಯಾರ್ಯಾರು ಓದ್ಯಾರ ಅನ್ನೋ ಪಟ್ಟಿ. ವ್ಯಾಲ್ಯೂ ಬದ್ಲಾದ್ರ ಆ ಪಟ್ಟಿಯಾಗ ಇದ್ದವ್ರಿಗೆ ಮಾತ್ರ ಸುದ್ದಿ. ನಾವು ಯಾರಿಗೂ ಸಬ್‌ಸ್ಕ್ರೈಬ್ ಮಾಡಿಸ್ಬೇಕಿಲ್ಲ, ಓದಿದ್ರ ಪಟ್ಟಿಗೆ ಹೆಸ್ರು ಸೇರ್ತದ. ಕಂಪ್ಯೂಟೆಡ್ ಇನ್ನೂ ಚಲೋ, ಯಾರರೆ ಓದೂ ತನಕ ಲೆಕ್ಕಾನ ಮಾಡೂದಿಲ್ಲ, ಒಮ್ಮೆ ಮಾಡಿದ್ದನ್ನ ಆಧಾರದ ಸಿಗ್ನಲ್ ಬದ್ಲಾಗೂ ತನಕ ಇಟ್ಕೊಂಡಿರ್ತದ. ಆ "ಎಷ್ಟು ಹೊತ್ತಿಗೆ ಬರ್ತದ" ಲೆಕ್ಕಕ್ಕ ಇದು ಹೇಳಿ ಮಾಡಿಸಿದ್ದು.

ಆದ್ರ ಎರಡು ವಿಷಯ ನೆನಪಿಡ್ರಿ. ಸಿಗ್ನಲ್ ಒಳಗಿನ ಅರೇಗೆ ಪುಶ್ ಮಾಡಿದ್ರ ಇಲ್ಲೂ ಏನೂ ಆಗೂದಿಲ್ಲ, ಇಲ್ಲೂ ರೆಫರೆನ್ಸ್ ಹೋಲಿಕಿನ. ಪ್ರಿವ್ಯೂದಾಗ ಮ್ಯೂಟೇಟ್ ಅಂತ ಒಂದು ಮೆಥಡ್ ಇತ್ತು, 17ಕ್ಕ ಬರೂದ್ರೊಳಗ ಅದನ್ನ ತಗದ್ರು. ಎರಡ್ನೇದು, ಆಂಗ್ಯುಲರಿನಾಗ ಸಿಗ್ನಲ್ ಬದ್ಲಾದ್ರ ಆ ಸಿಗ್ನಲ್ ಓದಿದ ಕಾಂಪೊನೆಂಟಿನ ಟೆಂಪ್ಲೇಟ್ ಚೆಕ್ ಆಗ್ತದ, ಆ ಒಂದು ಟೆಕ್ಸ್ಟ್ ನೋಡ್ ಅಷ್ಟ ಅಲ್ಲ. ಹಂಗಾಗಿ 800 ಸಾಲೂ ಒಂದ ದೊಡ್ಡ ಟೆಂಪ್ಲೇಟಿನಾಗ ತುಂಬಿ ಸಿಗ್ನಲ್ ಹಚ್ಚಿದ್ರ ಅಂಥಾ ಲಾಭ ಕಾಣೂದಿಲ್ಲ, ಸಾಲು ಬ್ಯಾರೆ ಕಾಂಪೊನೆಂಟ್ ಆಗ್ಬೇಕು.

ಝೋನ್ ಇಲ್ದ ಆಂಗ್ಯುಲರ್ 18ರಾಗ ಪ್ರಯೋಗಕ್ಕ ಅಂತ ಬಂತು, 20.2ರಾಗ ಸ್ಟೇಬಲ್ ಆತು, 21ರಿಂದ ಹೊಸಾ ಆ್ಯಪಿಗೆ ಅದ ಡೀಫಾಲ್ಟ್. ಝೋನ್ ತಗದ್ರ ಬಂಡಲ್ (ಬ್ರೌಸರಿಗೆ ಇಳಿಯೋ ಕೋಡ್) ಸಣ್ಣದಾಗ್ತದ, ಎರರ್ ಬಂದಾಗ ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವ್ದನ್ನ ಕರೀತು ಅನ್ನೋ ಪಟ್ಟಿ) ಓದ್ಲಿಕ್ಕೆ ಬರೂವಂಗ ಆಗ್ತದ. ಆದ್ರ ಸೆಟ್‌ಟೈಮ್‌ಔಟ್ ಒಳಗ ಸಾದಾ ಫೀಲ್ಡ್ ಬದ್ಲಿಸಿ ಸ್ಕ್ರೀನ್ ತಾನ ಬದ್ಲಾಗ್ಲಿ ಅಂತ ಕಾಯೋ ಕೋಡ್ ಅಲ್ಲೇ ಸತ್ತು ಹೋಗ್ತದ. ನಿಮ್ಮ ಪ್ರಾಜೆಕ್ಟ್ ಪೂರಾ ಆನ್‌ಪುಶ್ ಆಗಿದ್ರ ಈ ದಾಟು ಸಲೀಸು, ಯಾಕಂದ್ರ ಸುದ್ದಿ ಮುಟ್ಟಿಸೋ ದಾರಿಗಳು ಎರಡರಾಗೂ ಹೆಚ್ಚು ಕಡಿಮಿ ಒಂದ. ಆನ್‌ಪುಶ್ ಅಭ್ಯಾಸ ಮಾಡ್ರಿ ಅಂತ ಒತ್ತಿ ಹೇಳೂದಕ್ಕ ಇದೂ ಒಂದು ಕಾರಣ.

ರಿಯಾಕ್ಟ್

ರಿಯಾಕ್ಟಿನಾಗ ಯಾರೂ ಕಾವಲು ಕೂಡೂದಿಲ್ಲ. ನೀವು ಸೆಟ್‌ಸ್ಟೇಟ್ ಕರದ್ರ ಮಾತ್ರ ಅದಕ್ಕ ಸುದ್ದಿ, ಸ್ಟೇಟ್ ಅಂದ್ರ ಕಾಂಪೊನೆಂಟ್ ನೆನಪಿಟ್ಕೊಂಡ ಡೇಟಾ. ಕರದ್ರಿ, ವ್ಯಾಲ್ಯೂ ಹಿಂದಿನದ ಇದ್ರ ಸುಮ್ನ ಕೂಡ್ತದ, ಬ್ಯಾರೆ ಇದ್ರ ಆ ಕಾಂಪೊನೆಂಟ್ ಫಂಕ್ಷನ್ ಮತ್ತ ಓಡ್ತದ, ಅದ್ರ ಕೆಳಗಿನ ಎಲ್ಲಾ ಮಕ್ಕಳೂ ಓಡ್ತಾವ, ಪ್ರಾಪ್ಸ್ (ತಂದಿ ಮಗುವಿಗೆ ಕೊಡೋ ವ್ಯಾಲ್ಯೂ) ಬದ್ಲಾಗಿರ್ಲಿ ಬಿಡ್ಲಿ. ಬಂದ ಉತ್ತರಾನ ಹಿಂದಿನದಕ್ಕ ಹೋಲಿಸಿ ವ್ಯತ್ಯಾಸ ಅಷ್ಟ ಡಾಮಿಗೆ ಹಾಕ್ತದ. "ಪ್ರಾಪ್ಸ್ ಬದ್ಲಾದ್ರ ಮಾತ್ರ ಮಗು ರೆಂಡರ್ ಆಗ್ತದ" ಅಂತ ಇಂಟರ್‌ವ್ಯೂದಾಗ ಹೇಳೋರು ಭಾಳ, ಮೆಮೋ (ಪ್ರಾಪ್ಸ್ ಬದ್ಲಾಗದಿದ್ರ ಮತ್ತ ಓಡಿಸಬ್ಯಾಡ ಅನ್ನೋ ಹೊದಿಕಿ) ಹಾಕಿದ್ರ ಮಾತ್ರ ಅದು ಖರೇ.

ಮೆಮೋ ಹಾಕಿದ್ರೂ ಅದು ಮುರಿಯೋ ಜಾಗಾ ಅದ. ಗಾಡಿ ಸಾಲಿಗೆ ಮೆಮೋ ಹಾಕೀರಿ, ಗಾಡಿ ಆಬ್ಜೆಕ್ಟ್ ಅದ ಅದ, ಆದ್ರ ಕ್ಲಿಕ್ಕಿಗೆ ಅಂತ ತಂದಿ ಒಳಗನ ಒಂದು ಆ್ಯರೋ ಫಂಕ್ಷನ್ ಬರದು ಕೊಟ್ಟೀರಿ, ತಂದಿ ಓಡಿದಾಗೊಮ್ಮೆ ಅದು ಹೊಸಾ ಫಂಕ್ಷನ್, ಹೊಸಾ ರೆಫರೆನ್ಸ್, ಮೆಮೋ ಹಾಕಿದ್ದು ವ್ಯರ್ಥ, 800 ಸಾಲೂ ಓಡಿದ್ವು. ಹಳೇ ಫಂಕ್ಷನ್ನನ್ನ ಹಂಗ ಉಳಿಸೋ ಯೂಸ್‌ಕಾಲ್‌ಬ್ಯಾಕ್ ಇರೂದು ಇದಕ್ಕಂತನ. 2025ರ ಅಕ್ಟೋಬರಿನಾಗ ರಿಯಾಕ್ಟ್ ಕಂಪೈಲರ್ 1.0 ಬಂತು, ಈ ಮೆಮೋ ಕೆಲಸ ಬಿಲ್ಡ್ ಹೊತ್ತಿನಾಗ ತಾನ ಮಾಡ್ತದ, ಹೊಸಾ ಪ್ರಾಜೆಕ್ಟಿಗೆ ಕಣ್ಣು ಮುಚ್ಚಿ ಹಾಕ್ರಿ ಅಂತೀನಿ. ಆದ್ರ ಕಂಪೈಲರಿಗಿಂತ ಮೊದ್ಲು ಮಾಡ್ಬೇಕಾದ್ದು ಸ್ಟೇಟನ್ನ ಕೆಳಗ ಇಳಿಸೂದು. ಹುಡುಕೋ ಬಾಕ್ಸಿನ ಟೆಕ್ಸ್ಟ್ ಇಡೀ ಪೇಜಿನ ಸ್ಟೇಟಿನಾಗ ಇದ್ರ ಒಂದೊಂದು ಅಕ್ಷರಕ್ಕೂ ಗೇಟ್‌ಪಾಸ್ ಫಾರ್ಮ್ ಸೈತ ಓಡ್ತದ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹುಡುಕೂದು ಟೇಬಲಿಗೆ ಸಂಬಂಧಪಟ್ಟದ್ದು, ಟೇಬಲಿನ ಹತ್ರ ಇಡ್ರಿ. ಟೈಪ್ ಮಾಡೂವಾಗ ಅಕ್ಷರ ತಡಾ ಆಗಿ ಬರ್ತಿದ್ರ ಯೂಸ್‌ಡಿಫರ್ಡ್‌ವ್ಯಾಲ್ಯೂ, ಅದು 2022ರ ರಿಯಾಕ್ಟ್ 18ರಾಗ ಬಂದದ್ದು. ಅದ 18ರಾಗನ ಟೈಮ್‌ಔಟ್, ಪ್ರಾಮಿಸ್ ಒಳಗ ಮಾಡಿದ ಹಲವು ಸೆಟ್‌ಸ್ಟೇಟ್‌ಗಳೂ ಒಟ್ಟಿಗೆ ಸೇರಿ ಒಂದ ರೆಂಡರ್ ಆಗೂವಂಗ ಆತು, ಅದ್ರ ಹಿಂದ ರಿಯಾಕ್ಟಿನ ಇವೆಂಟ್ ಹ್ಯಾಂಡ್ಲರ್ ಒಳಗ ಮಾತ್ರ ಹಂಗಿತ್ತು.

ರಿಯಾಕ್ಟಿನ ದೊಡ್ಡ ಗುಣ ಅಂದ್ರ ಎಲ್ಲಿ ಏನು ಬದ್ಲಾತು ಅಂತ ಕೋಡ್ ಓದಿ ಹೇಳ್ಬಹುದು, ಸೆಟ್ ಅಂತ ಹುಡುಕಿದ್ರ ಸಾಕು. ಫಾರ್ಮ್, ಡ್ಯಾಶ್‌ಬೋರ್ಡ್, ಅಂಗಡಿ ಥರದ ಸೈಟಿಗೆ ಇದು ಸಾಕಾಗಿ ಉಳೀತದ. ಸೆಕೆಂಡಿಗೆ ಹತ್ತಾರು ಸಲ ಡೇಟಾ ಬರೋ ಸ್ಕ್ರೀನಿಗೆ ಮಾತ್ರ ಸ್ಟೇಟ್ ಹೊರಗಿನ ಸ್ಟೋರಿನಾಗ ಇಟ್ಟು, ಪ್ರತಿ ಸಾಲು ತನಗ ಬೇಕಾದಷ್ಟ ಓದೂವಂಗ ಮಾಡ್ಬೇಕಾಗ್ತದ, ಅದು ನಿಮ್ಮ ಮೈಮ್ಯಾಲಿನ ಕೆಲಸ.

ವ್ಯೂ ಜೆಎಸ್, ಸ್ವೆಲ್ಟ್, ಸಾಲಿಡ್

ವ್ಯೂ ಜೆಎಸ್ ಮೊದ್ಲಿನಿಂದಲೂ ಡೇಟಾನ ಸುದ್ದಿ ಹೇಳೋ ದಾರಿ ಹಿಡದದ್ದು. ವ್ಯೂ 2ರಾಗ ಪ್ರತಿ ಪ್ರಾಪರ್ಟಿಗೆ ಗೆಟರ್ ಸೆಟರ್ ಹಚ್ತಿದ್ರು, ಹಂಗಾಗಿ ಆಮ್ಯಾಲ ಸೇರಿಸಿದ ಹೊಸಾ ಪ್ರಾಪರ್ಟಿ ಅದಕ್ಕ ಕಾಣ್ತಿರ್ಲಿಲ್ಲ. 2020ರ ಸೆಪ್ಟೆಂಬರಿನಾಗ ವ್ಯೂ 3 ಪ್ರಾಕ್ಸಿಗೆ (ಆಬ್ಜೆಕ್ಟಿನ ಮುಂದ ನಿಂತು ಪ್ರತಿ ಓದು, ಬದಲಾವಣಿ ಹಿಡಿಯೋ ಹೊದಿಕಿ) ಬಂತು, ಪುಶ್ ಮಾಡ್ರಿ, ಹೊಸಾ ಕೀ ಹಾಕ್ರಿ, ಅಳಸ್ರಿ, ಎಲ್ಲಾ ಗೊತ್ತಾಗ್ತದ. ಹೊಸಬ್ರಿಗೆ ಇದಕ್ಕಿಂತ ಸಮಾಧಾನದ ಫ್ರೇಮ್‌ವರ್ಕ್ ನಾ ಕಂಡಿಲ್ಲ. ತಪ್ಪೂದು ಎಲ್ಲಿ ಅಂದ್ರ ರಿಯಾಕ್ಟಿವ್ ಆಬ್ಜೆಕ್ಟ್ ಬಿಡಿಸಿ ಬ್ಯಾರೆ ವೇರಿಯಬಲ್ಲಿಗೆ ತಗೊಂಡ್ರ ತಂತಿ ಕಡೀತದ, ಮೂಲ ಬದ್ಲಾದ್ರೂ ಆ ವೇರಿಯಬಲ್ ಹಂಗ ಕೂಡ್ತದ, ಟುರೆಫ್ಸ್ ಬಳಸ್ರಿ. ನಕಾಶೆ ಲೈಬ್ರರಿಯ ಆಬ್ಜೆಕ್ಟನ್ನ ರಿಯಾಕ್ಟಿವ್ ಒಳಗ ಹಾಕಬ್ಯಾಡ್ರಿ, ಅದ್ರ ಹೊಟ್ಟಿಯೊಳಗಿನ ಸಾವಿರಾರು ಪ್ರಾಪರ್ಟಿಗೂ ಪ್ರಾಕ್ಸಿ ಸುತ್ತಿ ನಿಧಾನ ಆಗ್ತದ, ಒಮ್ಮೊಮ್ಮೆ ಮುರೀತದ, ಮಾರ್ಕ್‌ರಾ ಹಾಕಿ ಹೊರಗಿಡ್ರಿ. 800 ಗಾಡಿ ಲಿಸ್ಟಿಗೆ ಶ್ಯಾಲೋರೆಫ್ (ಮ್ಯಾಲಿನ ರೆಫರೆನ್ಸ್ ಅಷ್ಟ ಗಮನಿಸೂದು) ಹಗುರ. ಇನ್ನ ವ್ಯಾಲ್ಯೂ ಬದ್ಲಿಸಿದ ಮರುಸಾಲಿನಾಗ ಡಾಮ್ ಓದಿದ್ರ ಹಳೇದ ಸಿಗ್ತದ, ಅಪ್‌ಡೇಟ್ ಸರದಿಗೆ ಕಾಯ್ತಿರ್ತದ, ನೆಕ್ಸ್ಟ್‌ಟಿಕ್ ಕಾಯ್ಬೇಕು.

ಸ್ವೆಲ್ಟ್ ಈ ಕೆಲಸ ಕಂಪೈಲರಿಗೆ ಕೊಡ್ತದ. 4ರ ತನಕ ಸಮ ಚಿಹ್ನೆ ಹಾಕಿದ್ರ ಮಾತ್ರ ಬದ್ಲಾದಂಗ, 2024ರ ಅಕ್ಟೋಬರಿನ ಸ್ವೆಲ್ಟ್ 5ರಿಂದ ರೂನ್ಸ್ ಬಂದ್ವು, ಅವೂ ಸಿಗ್ನಲ್ ಥರನ. ಸಾಲಿಡ್ ಇವುಗಳಾಗ ಎಲ್ಲಾಕಿಂತ ಕಟ್ಟುನಿಟ್ಟು: ಕಾಂಪೊನೆಂಟ್ ಫಂಕ್ಷನ್ ಒಂದ ಸಲ ಓಡ್ತದ, ಆಮ್ಯಾಲ ಸಿಗ್ನಲ್ ಬದ್ಲಾದ್ರ ಆ ಒಂದು ಟೆಕ್ಸ್ಟ್ ನೋಡ್ ಮಾತ್ರ ಬದ್ಲಾಗ್ತದ. ನಮ್ಮ ಡಿಸ್ಪ್ಯಾಚ್ ಸ್ಕ್ರೀನಿಗೆ ತಾಂತ್ರಿಕವಾಗಿ ಹೆಚ್ಚು ಹೊಂದೂದು ಇದ. ಆದ್ರ ಆರು ತಿಂಗಳಿಗೊಮ್ಮೆ ಟೀಮಿನ ಮಂದಿ ಬದ್ಲಾಗೋ ಪ್ರಾಜೆಕ್ಟಿಗೆ ಸಾಲಿಡ್ ಗೊತ್ತಿದ್ದೋರನ್ನ ಎಲ್ಲಿಂದ ತರ್ತೀರಿ ಅಂತ ಮ್ಯಾನೇಜರ್ ಕೇಳೂದು ನ್ಯಾಯದ ಪ್ರಶ್ನೆನ.

ಲಿಟ್ ಮತ್ತ ಸಾದಾ ವೆಬ್ ಕಾಂಪೊನೆಂಟ್

ಒಂದ ಕಂಪನಿಯಾಗ ಒಂದು ಟೀಮ್ ಆಂಗ್ಯುಲರ್, ಇನ್ನೊಂದು ರಿಯಾಕ್ಟ್, ಇಬ್ರಿಗೂ ಅದ ಬಟನ್ ಅದ ಡೇಟ್ ಪಿಕರ್ ಬೇಕು ಅಂದಾಗ ವೆಬ್ ಕಾಂಪೊನೆಂಟಿಗೆ (ಯಾವ ಫ್ರೇಮ್‌ವರ್ಕಿನಾಗೂ ನಡಿಯೋ, ಬ್ರೌಸರಿಗೆ ತಾನ ತಿಳಿಯೋ ಕಾಂಪೊನೆಂಟ್) ಬರ್ಬೇಕು. ಬ್ರೌಸರ್ ಕೊಡೂದು ಆಟ್ರಿಬ್ಯೂಟ್ ಬದ್ಲಾದಾಗ ಒಂದು ಕಾಲ್‌ಬ್ಯಾಕ್ ಅಷ್ಟ, ಅದೂ ನಾವು ಮೊದ್ಲ ಹೆಸ್ರು ಬರದಿಟ್ಟ ಆಟ್ರಿಬ್ಯೂಟಿಗೆ ಮಾತ್ರ, ಅದ್ರ ಮ್ಯಾಲೆ ಸ್ಕ್ರೀನ್ ಬದ್ಲಿಸೂದು ನಮ್ಮ ಕೆಲಸ. ಲಿಟ್ ಅನ್ನೋ ಲೈಬ್ರರಿ ಆ ಕೆಲಸ ತಗೋತದ. ಪ್ರಾಪರ್ಟಿ ಬದ್ಲಾತು, ಹಳೇದಕ್ಕೂ ಹೊಸದಕ್ಕೂ ನೇರ ಹೋಲಿಕಿ ಮಾಡಿ ಬ್ಯಾರೆ ಇದ್ರ ಅಪ್‌ಡೇಟ್ ಹಚ್ಚಿಡ್ತದ, ಒಂದ ಸಲಕ್ಕ ಹತ್ತು ಪ್ರಾಪರ್ಟಿ ಬದ್ಲಾದ್ರೂ ರೆಂಡರ್ ಒಂದ. ಪುಶ್ ಮಾಡಿದ್ರ ಇಲ್ಲೂ ಗೊತ್ತಾಗೂದಿಲ್ಲ, ಹೊಸಾ ಅರೇ ಕೊಡ್ರಿ ಇಲ್ಲಾ ರಿಕ್ವೆಸ್ಟ್‌ಅಪ್‌ಡೇಟ್ ಕರೀರಿ. ಅರೇ, ಆಬ್ಜೆಕ್ಟ್ ಕಳಸೂವಾಗ ಪ್ರಾಪರ್ಟಿಯಾಗಿ ಕಳಸ್ರಿ, ಆಟ್ರಿಬ್ಯೂಟ್ ಅಂದ್ರ ಬರೇ ಸ್ಟ್ರಿಂಗ್. ರಿಯಾಕ್ಟ್ 19ರ ಹಿಂದಿನ ವರ್ಷನ್ನಿನಾಗ ಇದ ದೊಡ್ಡ ತಲಿಬ್ಯಾನಿ ಇತ್ತು, 19ರಿಂದ ಸರಿ ಹೋಗ್ಯದ. ಇಡೀ ಆ್ಯಪ್ ಲಿಟ್ಟಿನಾಗ ಬರೀರಿ ಅಂತ ನಾ ಹೇಳೂದಿಲ್ಲ, ಹಂಚ್ಕೊಳ್ಳೋ ಸಾಮಾನಿಗೆ ಮಾತ್ರ.

ಹಂಗಾದ್ರ ಯಾವ್ದು

ಈಗಾಗ್ಲೇ ಆಂಗ್ಯುಲರ್ ಪ್ರಾಜೆಕ್ಟಿನಾಗ ಇದ್ದೀರಿ, ಸ್ಕ್ರೀನ್ ನಿಧಾನ ಅಂತ ಕ್ಲೈಂಟ್ ದೂರ್ತಾನ: ರಿಯಾಕ್ಟಿಗೆ ಹೋಗೂ ಮಾತು ಎತ್ತಬ್ಯಾಡ್ರಿ, ಆನ್‌ಪುಶ್, ಪ್ಯೂರ್ ಪೈಪ್, ಆಮ್ಯಾಲ ಸಿಗ್ನಲ್. ಹೊಸಾ ಪ್ರಾಜೆಕ್ಟ್, ಫಾರ್ಮ್ ಜಾಸ್ತಿ, ದೊಡ್ಡ ಟೀಮ್, ಹತ್ತು ವರ್ಷ ನಡೀಬೇಕು: ಝೋನ್ ಇಲ್ಲದ ಆಂಗ್ಯುಲರ್. ಮಂದಿ ಸಿಗೂದು ಮುಖ್ಯ, ಲೈಬ್ರರಿ ಭಾಳ ಬೇಕು, ಡೇಟಾ ಬರೂದು ಮನುಷ್ಯಾ ಕ್ಲಿಕ್ ಮಾಡಿದಾಗ: ರಿಯಾಕ್ಟ್, ಕಂಪೈಲರ್ ಜತಿಗೆ. ಸಣ್ಣ ಟೀಮ್, ಹೊಸಾ ಹುಡುಗ್ರು, ಲಗೂನ ಮುಗಸ್ಬೇಕು: ವ್ಯೂ ಜೆಎಸ್. ಡೇಟಾ ತಾನ ಹರದು ಬರ್ತದ, ಟೀಮಿನಾಗ ನಾಕು ಗಟ್ಟಿ ಮಂದಿ ಅದಾರ: ಸಾಲಿಡ್ ಇಲ್ಲಾ ಸ್ವೆಲ್ಟ್ ಧೈರ್ಯದಿಂದ ತಗೋರಿ.

ಇದ್ಯಾವ್ದೂ ನಿರ್ಧಾರ ಮಾಡೂಕಿಂತ ಮೊದ್ಲು ಒಂದು ಅಗ್ಗದ ಕೆಲಸ ಅದ, ಬಂದ ಮೆಸೇಜ್ ಒಂದೊಂದಾಗಿ ಸ್ಟೇಟಿಗೆ ಹಾಕೂದು ಬಿಟ್ಟು ಕೂಡಿಸಿಟ್ಟು ಅರ್ಧಾ ಸೆಕೆಂಡಿಗೊಮ್ಮೆ ಹಾಕ್ರಿ. ಗೇಟಿನಾಗ ಕೂತ ಸೂಪರ್‌ವೈಸರಿಗೆ ಗಾಡಿ ಎಲ್ಲಿ ಅದ ಅನ್ನೂದು ಸೆಕೆಂಡಿಗೆ 20 ಸಲ ಬೇಕಾಗಿಲ್ಲ. 20 ಸಲ ಆಗೋ ಚೆಕ್ 2 ಸಲಕ್ಕ ಇಳೀತದ, ಯಾವ ಫ್ರೇಮ್‌ವರ್ಕ್ ಇದ್ರೂ.

ಆಮ್ಯಾಲ ಅಳತಿ. ನಿಮ್ಮ ಎಲ್ಲಾಕಿಂತ ಭಾರಾ ಸ್ಕ್ರೀನ್ ಒಂದನ್ನ ತಗೊಂಡು, ಕ್ರೋಮಿನ ಪರ್ಫಾರ್ಮೆನ್ಸ್ ಟ್ಯಾಬಿನಾಗ ಸಿಪಿಯು 6 ಪಟ್ಟು ನಿಧಾನ ಮಾಡಿ, ಪ್ರೊಡಕ್ಷನ್ ಬಿಲ್ಡ್ ಮ್ಯಾಲೆ ಐದು ಸೆಕೆಂಡ್ ರೆಕಾರ್ಡ್ ಮಾಡ್ರಿ. 60 ಹರ್ಟ್ಸ್ ಸ್ಕ್ರೀನಿಗೆ ಒಂದು ಫ್ರೇಮ್ ಅಂದ್ರ 16.7 ಮಿಲಿಸೆಕೆಂಡ್, ಅದ್ರೊಳಗ ಎಲ್ಲಾ ಮುಗೀಬೇಕು. ಹಳದಿ ಬಣ್ಣ ಉದ್ದ ಇದ್ರ ಸ್ಕ್ರಿಪ್ಟ್ ಓಡ್ಲಿಕ್ಹತ್ತದ, ಒಳಗ ಯಾವ ಫಂಕ್ಷನ್ ಅಂತ ನೋಡ್ರಿ, ಚೇಂಜ್ ಡಿಟೆಕ್ಷನ್ ತ್ರಾಸ್ ಅಲ್ಲಿ ಕಾಣ್ತದ, ಮ್ಯಾಲೆ ಹೇಳಿದ್ದು ಕೆಲಸಕ್ಕ ಬರ್ತದ. ನೇರಳೆ ಬಣ್ಣ ಉದ್ದ ಇದ್ರ ಬ್ರೌಸರ್ ಲೇಔಟ್ ಮಾಡೂದ್ರಾಗ ಸಿಕ್ಕೊಂಡದ, 800 ಸಾಲಿನ ಡಾಮ್ ಭಾರಾ ಆಗ್ಯದ, ಅದಕ್ಕ ಯಾವ ಸಿಗ್ನಲ್ಲೂ ಮದ್ದಲ್ಲ, ಕಣ್ಣಿಗೆ ಕಾಣೋ 30-40 ಸಾಲು ಅಷ್ಟ ಡಾಮಿನಾಗ ಇಡೋ ವರ್ಚುವಲ್ ಸ್ಕ್ರೋಲ್ ಹಾಕ್ರಿ.